ನಿಟ್ಸ್‌ಹಿಲ್ ಸ್ಟೇಷನ್ ಹುಡುಗ ಮತ್ತು ನಾವು ಮರೆತ ಹೆಸರುಗಳು

1/9

ತುಮಕೂರು ಸ್ಟೇಷನ್‌ನಲ್ಲಿ ಬೆಳಗ್ಗೆ ಬೆಂಗಳೂರು ಟ್ರೈನಿಗೆ ಕಾಯ್ತಾ ನಿಂತಿದ್ದೀರಿ ಅಂದ್ಕೊಳ್ಳಿ. ಕೈಯಲ್ಲಿ ಟಿಕೆಟ್, ಕಿವೀಲಿ ಇಯರ್‌ಫೋನ್. ಆ ಟಿಕೆಟ್ ಕೊಟ್ಟವರ ಮುಖ ನೆನಪಿದೆಯಾ? ಇಲ್ಲ ಅಲ್ವಾ. ನನಗೂ ಇಲ್ಲ. ಕೌಂಟರ್ ಒಳಗಿನ ಕೈ ಮಾತ್ರ ನೋಡಿರ್ತೀವಿ, ಚಿಲ್ಲರೆ ಎಣಿಸ್ಕೊಂಡು ಬಂದಿರ್ತೀವಿ. ಹಳಿ ಪಕ್ಕ ಸುತ್ತಿಗೆ ಹಿಡಿದು ನಡೆಯೋ ಗ್ಯಾಂಗ್‌ಮನ್, ಹಸಿರು ಬಾವುಟ ತೋರಿಸೋ ಗಾರ್ಡ್, ಇವರ ಹೆಸರೂ ನಮಗೆ ಗೊತ್ತಿಲ್ಲ.

ಇವತ್ತಿನ ಕಥೆ ಇಂಥ ಒಬ್ಬ ರೈಲ್ವೆ ಹುಡುಗನದು. ಹೆಸರು ಜಾನ್ ಮೀಕಲ್. ಚಿಕ್ಕ ಸ್ಟೇಷನ್ ಒಂದರಲ್ಲಿ ಗುಮಾಸ್ತ. 16ನೇ ವಯಸ್ಸಿಗೆ ಸೈನ್ಯ ಸೇರಿದ. 20 ತುಂಬೋಕೆ ಮುಂಚೆ ಸತ್ತ. ನೂರು ವರ್ಷ ದಾಟಿದ ಮೇಲೂ ಅವನ ಹೆಸರು ಒಂದು ಸ್ಟೇಷನ್ ಪಕ್ಕದ ಕಲ್ಲಿನ ಮೇಲೆ ಇದೆ.

ನಮ್ಮ ಕ್ಲಾಸಲ್ಲಿ ರೈಲ್ವೆ ಪರೀಕ್ಷೆಗೆ ಓದ್ತಾ ಇರೋರು ಎಷ್ಟು ಜನ ಇದ್ದೀರಿ, ಸೈನ್ಯದ ಭರ್ತಿಗೆ ಅಂತ ಬೆಳಗ್ಗೆ ಎದ್ದು ಓಡೋರು ಎಷ್ಟು ಜನ ಇದ್ದೀರಿ, ನನಗೆ ಗೊತ್ತು. ಈ ಕಥೆ ಮೊದಲು ನಿಮಗೆ. ಯಾಕಂದ್ರೆ ಇದು ನಿಮ್ಮದೇ ವಯಸ್ಸಿನ ಹುಡುಗನ ಕಥೆ.

2/9

ಜಾನ್ ಮೀಕಲ್ ಹುಟ್ಟಿದ್ದು 1898ರ ಸೆಪ್ಟೆಂಬರ್ 11ರಂದು, ಸ್ಕಾಟ್ಲೆಂಡಿನ ಕರ್ಕಿನ್‌ಟಿಲ್ಲಾಕ್ ಅನ್ನೋ ಊರಲ್ಲಿ. ಬೆಳೆದದ್ದು ಗ್ಲಾಸ್ಗೋ ನಗರದ ಅಂಚಿನ ನಿಟ್ಸ್‌ಹಿಲ್‌ನಲ್ಲಿ. ಹೆಸರು ಕೇಳಿದ್ರೆ ಗುಬ್ಬಿ ದಾಟಿದ ಮೇಲೆ ಬರೋ ನಮ್ಮ ನಿಟ್ಟೂರು ನೆನಪಾಗುತ್ತೆ. ಅದೂ ನಿಟ್ಟೂರಿನ ಥರ ಎಕ್ಸ್‌ಪ್ರೆಸ್ ಗಾಡಿಗಳಿಗಿಂತ ಊರಿನ ಜನಕ್ಕೇ ಹೆಚ್ಚು ಬೇಕಾದ ಸಣ್ಣ ಸ್ಟೇಷನ್.

ಓದು ಮುಗಿಸಿದ ಹುಡುಗ ಆ ಸ್ಟೇಷನ್‌ನಲ್ಲೇ ಕೆಲಸಕ್ಕೆ ಸೇರಿದ. ಸ್ಟೇಷನ್ ಗುಮಾಸ್ತ ಅಂದ್ರೆ ಆ ಕಾಲಕ್ಕೆ ದೊಡ್ಡ ಹುದ್ದೆ ಏನಲ್ಲ. ಟಿಕೆಟ್ ಕೊಡು, ಪಾರ್ಸಲ್ ಬರೆದುಕೋ, ಲೆಕ್ಕ ಇಡು. ಆದ್ರೆ ದುಡಿಯೋ ಮನೆಗಳಲ್ಲಿ ರೈಲ್ವೆ ಕೆಲಸಕ್ಕೆ ಒಂದು ಬೆಲೆ ಇತ್ತು. ಸಂಬಳ ಕಡಿಮೆ ಇದ್ರೂ ಕೆಲಸ ಖಾಯಂ. ಗಣಿಗೆ ಇಳಿಯಬೇಕಿಲ್ಲ. ಇಷ್ಟಿಷ್ಟೇ ಮೇಲೆ ಹೋಗಬಹುದು. ಇವತ್ತು ನಮ್ಮ ಮನೆಗಳಲ್ಲಿ ‘ರೈಲ್ವೆಲಿ ಸಿಕ್ಬಿಟ್ರೆ ಸಾಕಪ್ಪ’ ಅಂತಾರಲ್ಲ, ಹೆಚ್ಚು ಕಡಿಮೆ ಅದೇ ಭಾವನೆ.

ಅವನು ಕೆಲಸ ಬಿಡದೆ ಅಲ್ಲೇ ಇದ್ದಿದ್ರೆ ಏನಾಗ್ತಿತ್ತು? ಮುಂದೆ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾಗ್ತಿದ್ನೋ ಏನೋ. ಅವನ ಬಗ್ಗೆ ಇವತ್ತು ತುಮಕೂರಲ್ಲಿ ಕೂತು ಯಾರೂ ಬರೀತಿರಲಿಲ್ಲ. ಹಾಗೆ ಯಾರ ಗಮನಕ್ಕೂ ಬಾರದೆ ವಯಸ್ಸಾಗೋದು ಎಷ್ಟು ದೊಡ್ಡ ಭಾಗ್ಯ ಅನ್ನೋದು ಕಥೆ ಮುಗಿಯೋ ಹೊತ್ತಿಗೆ ಗೊತ್ತಾಗುತ್ತೆ.

3/9

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಊರೂರಿಗೆ ಪೋಸ್ಟರ್ ಬಂತು. ಪಕ್ಕದ ಮನೆಯವನು ಹೋದ, ಎದುರು ಬೀದಿಯವನು ಹೋದ.

ರೈಲ್ವೆ ನೌಕರರ ಪರಿಸ್ಥಿತಿ ಸ್ವಲ್ಪ ಬೇರೆ. ಯುದ್ಧಕ್ಕೆ ಸೈನಿಕ, ಕುದುರೆ, ಮದ್ದುಗುಂಡು, ಕಲ್ಲಿದ್ದಲು ಎಲ್ಲಾ ಸಾಗಬೇಕಾದ್ದು ರೈಲಿನಲ್ಲೇ. ಹಾಗಾಗಿ ನೌಕರರನ್ನ ಸುಮ್ನೆ ಬಿಟ್ಟುಕೊಡೋಕೆ ಕಂಪನಿಗಳಿಗೂ ಸರ್ಕಾರಕ್ಕೂ ಇಷ್ಟ ಇರಲಿಲ್ಲ. ಉಳಿದವರಿಗೆ ಎದೆ ಮೇಲೆ ಹಾಕ್ಕೊಳ್ಳೋಕೆ ರೈಲ್ವೆ ಬ್ಯಾಡ್ಜ್ ಕೊಟ್ಟರು. ಯಾಕೆ ಗೊತ್ತಾ? ಸೈನ್ಯಕ್ಕೆ ಹೋಗದ ಗಂಡಸರನ್ನ ಬೀದೀಲಿ ನಿಲ್ಲಿಸಿ ಹೇಡಿ ಅಂತ ಕೈಗೆ ಬಿಳಿ ಗರಿ ಕೊಡೋ ಚಾಳಿ ಶುರುವಾಗಿತ್ತು. ‘ನಾನೂ ದೇಶದ ಕೆಲಸದಲ್ಲೇ ಇದೀನಿ’ ಅಂತ ತೋರಿಸೋಕೆ ಒಂದು ತಗಡಿನ ಬಿಲ್ಲೆ ಬೇಕಾಯ್ತು.

ಇಷ್ಟಾದ್ರೂ ಬ್ರಿಟನ್ನಿನ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ರೈಲ್ವೆ ನೌಕರರು ಸೈನ್ಯ ಸೇರಿದರು. ಅವರಲ್ಲಿ ನಮ್ಮ ಮೀಕಲ್ ಕೂಡ ಒಬ್ಬ. 1915ರ ಫೆಬ್ರವರಿಯಲ್ಲಿ ಸೀಫೋರ್ತ್ ಹೈಲ್ಯಾಂಡರ್ಸ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದ. ಆಗ ಅವನಿಗೆ 16 ವರ್ಷ.

ಹದಿನಾರು! ಅಂದ್ರೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಕಾಲೇಜು ಹುಡುಕೋ ವಯಸ್ಸು. ವಿದೇಶದ ಯುದ್ಧಭೂಮಿಗೆ ಕಳಿಸೋಕೆ 19 ಆಗಿರಬೇಕು ಅನ್ನೋ ನಿಯಮ ಇತ್ತು. ನಿಯಮ ಕಾಗದದ ಮೇಲೆ ಇತ್ತು ಅಷ್ಟೆ. ವಯಸ್ಸು ಸುಳ್ಳು ಹೇಳಿ ಸೇರಿದ ಹುಡುಗರು ಸಾವಿರ ಸಾವಿರ ಸಂಖ್ಯೆಯಲ್ಲಿದ್ದರು. ಭರ್ತಿ ಮಾಡೋರು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರು.

4/9

ಮುಂದಿನ ಮೂರು ವರ್ಷ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಏನು ನಡೀತು ಅಂತ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾ ಇದೆ. ‘ಕಂದಕ ಯುದ್ಧ’ ಅಂತ ಓದಿ, ಎರಡು ಅಂಕಕ್ಕೆ ಬರೆದು ಬಂದಿದ್ದೀವಿ. ನಿಜಕ್ಕೂ ಅದು ಹೇಗಿತ್ತು ಅಂದ್ರೆ, ಎದುರುಬದುರು ಎರಡು ಉದ್ದನೆ ಗುಂಡಿ, ನಡುವೆ ಮುಳ್ಳುತಂತಿ, ಕೆಸರು. ಗುಂಡಿಯಿಂದ ಎದ್ದು ಓಡಿದವರನ್ನ ಒಂದೇ ಒಂದು ಮೆಷಿನ್ ಗನ್ ಸಾಲಾಗಿ ಮಲಗಿಸಿಬಿಡ್ತಿತ್ತು. ನಿಮಿಷಕ್ಕೆ ನೂರಾರು ಗುಂಡು. ಕೆಲವು ಮೈಲಿ ಜಾಗಕ್ಕೆ ತಿಂಗಳುಗಟ್ಟಲೆ ಹೊಡೆದಾಟ, ಲಕ್ಷಾಂತರ ಸಾವು.

ಆ ಕೆಸರಲ್ಲಿ ಸ್ಟೇಷನ್ ಗುಮಾಸ್ತ ಸಾರ್ಜೆಂಟ್ ಆದ. 1917ರಲ್ಲಿ ಶೌರ್ಯಕ್ಕೆ ಮಿಲಿಟರಿ ಮೆಡಲ್ ಬಂತು. ಅಂದ್ರೆ ತನಗಿಂತ ದೊಡ್ಡವರನ್ನ, ಹೆಂಡತಿ ಮಕ್ಕಳಿದ್ದವರನ್ನ ಮುನ್ನಡೆಸೋ ಜವಾಬ್ದಾರಿ ಹತ್ತೊಂಬತ್ತರ ಆಸುಪಾಸಿನ ಹುಡುಗನ ಮೇಲೆ ಬಿತ್ತು.

1918ರ ಜುಲೈ 15ಕ್ಕೆ ಜರ್ಮನ್ನರು ಮಾರ್ನ್ ನದಿಯ ಕಡೆ ತಮ್ಮ ಕೊನೆಯ ದೊಡ್ಡ ದಾಳಿ ಮಾಡಿದರು. ಅದು ನಿಂತುಹೋಯ್ತು. ಜುಲೈ 18ಕ್ಕೆ ಫ್ರೆಂಚರ ನೇತೃತ್ವದಲ್ಲಿ ಪ್ರತಿದಾಳಿ ಶುರು. ಅದಕ್ಕೆ ಸಹಾಯಕ್ಕೆ ಅಂತ ಬಂದ ಬ್ರಿಟಿಷ್ ಪಡೆಗಳಲ್ಲಿ ಮೀಕಲ್ ಇದ್ದ 51ನೇ ಹೈಲ್ಯಾಂಡ್ ಡಿವಿಷನ್ ಕೂಡ ಒಂದು. ಜುಲೈ 20ರ ಬೆಳಗ್ಗೆ ಅವರು ಆರ್ದ್ರ್ ಅನ್ನೋ ಚಿಕ್ಕ ನದಿಯ ಕಣಿವೆಯಲ್ಲಿ ಮುಂದುವರಿದರು. ದಟ್ಟ ಕಾಡು, ಎದೆ ಮಟ್ಟದ ಪೈರು. ಎಲ್ಲಿ ಗನ್ ಇದೆ ಅಂತ ಕಾಣ್ತಿರಲಿಲ್ಲ. ಗುಂಡು ಬಿದ್ದಾಗಲೇ ಗೊತ್ತಾಗ್ತಿದ್ದದ್ದು.

5/9

ಮಾರ್ಫೋ ಅನ್ನೋ ಹಳ್ಳಿ ಹತ್ತಿರ ಅವನ ಕಂಪನಿ ಸಿಕ್ಕಿಹಾಕಿಕೊಳ್ತು. ಎದುರಿಗೆ ಎರಡು ಮೆಷಿನ್ ಗನ್. ತಲೆ ಎತ್ತೋ ಹಾಗಿಲ್ಲ.

ಮೀಕಲ್ ಒಬ್ಬನೇ ಎದ್ದು ಗುಂಡಿನ ಮಳೆ ನಡುವೆ ಆ ಗನ್‌ಗಳ ಕಡೆ ನುಗ್ಗಿದ. ಹತ್ತಿರ ಹೋಗಿ ಕೈಯಲ್ಲಿದ್ದ ರಿವಾಲ್ವರ್ ಖಾಲಿ ಮಾಡಿದ. ಗುಂಡು ಮುಗೀತು, ಎದುರಿಗೆ ಇನ್ನೂ ಜನ ಇದ್ದರು. ಉಳಿದವರನ್ನ ಒಂದು ದಪ್ಪ ಕೋಲಿನಿಂದ ಬಡಿದು ಹಾಕಿದ. ಕಥೆ ಚೆನ್ನಾಗಿರಲಿ ಅಂತ ನಾನು ಸೇರಿಸಿದ್ದಲ್ಲ ಇದು. ಅವನ ಪದಕದ ಅಧಿಕೃತ ದಾಖಲೆಯಲ್ಲೇ ಆ ಕೋಲು ಇದೆ. ಆಮೇಲೆ ಎದ್ದು ನಿಂತು, ಹಿಂದೆ ಇದ್ದವರಿಗೆ ‘ಬನ್ನಿ’ ಅಂತ ಕೈ ಬೀಸಿದ.

ಸ್ವಲ್ಪ ಹೊತ್ತಿಗೆ ಇನ್ನೊಂದು ಮೆಷಿನ್ ಗನ್ ದಾರಿ ತಡೀತು. ಅಷ್ಟರಲ್ಲಿ ಅವನ ಪ್ಲಟೂನಿನ ಹೆಚ್ಚಿನವರು ಸತ್ತಿದ್ದರು ಇಲ್ಲವೇ ಗಾಯಗೊಂಡು ಬಿದ್ದಿದ್ದರು. ಮೀಕಲ್ ಬಿದ್ದಿದ್ದ ಜೊತೆಗಾರನೊಬ್ಬನ ಬಯೋನೆಟ್ ಇದ್ದ ರೈಫಲ್ ಎತ್ಕೊಂಡು ಮತ್ತೆ ಓಡಿದ. ಈ ಸಲ ಗನ್ನಿನ ಹತ್ತಿರಕ್ಕೆ ಹೋಗಿ, ಅಲ್ಲೇ ಬಿದ್ದ. ಅವನ ಹಿಂದೆ ಬಂದ ಇಬ್ಬರು ಆ ಗನ್ನನ್ನ ನಿಲ್ಲಿಸಿದರು.

ಅವನಿಗಾಗ 19 ವರ್ಷ, 10 ತಿಂಗಳು. ಯುದ್ಧ ಮುಗಿಯೋಕೆ ಇನ್ನು ನಾಲ್ಕು ತಿಂಗಳೂ ಇರಲಿಲ್ಲ.

ಇದನ್ನ ಸಿನಿಮಾ ಹೀರೋ ಥರ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಆ ಗನ್ನಿನ ಹಿಂದೆ ಕೂತಿದ್ದವರೂ ಯಾರದೋ ಮನೆ ಹುಡುಗರೇ. ಅವರಲ್ಲೂ ಯಾವುದೋ ಜರ್ಮನ್ ಸ್ಟೇಷನ್‌ನಲ್ಲಿ ಟಿಕೆಟ್ ಕೊಡ್ತಿದ್ದವನು ಇದ್ದಿರಬಹುದು. ಈ ಯುದ್ಧ ಬೇಕು ಅಂತ ತೀರ್ಮಾನ ಮಾಡಿದವರಲ್ಲಿ ಯಾರೊಬ್ಬರೂ ಅವತ್ತು ಆ ಪೈರಿನ ನಡುವೆ ಇರಲಿಲ್ಲ.

6/9

ಅವನಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆ ಆಯ್ತು. ಬ್ರಿಟಿಷ್ ಸೈನ್ಯದ ಅತಿ ದೊಡ್ಡ ಶೌರ್ಯ ಪದಕ, ನಮ್ಮ ಪರಮವೀರ ಚಕ್ರ ಇದ್ದ ಹಾಗೆ. ಅದನ್ನ ಕೈ ಚಾಚಿ ತಗೊಂಡವರು ಅಪ್ಪ ಅಮ್ಮ. ಮಗ ಮಾರ್ಫೋದ ಸ್ಮಶಾನದಲ್ಲಿ ಮಲಗಿದ್ದ. ಇವತ್ತಿಗೂ ಅಲ್ಲೇ ಇದಾನೆ, ಹೆಸರಿರೋ ಕಲ್ಲಿನ ಕೆಳಗೆ.

ಆದ್ರೆ ನನ್ನನ್ನ ಹೆಚ್ಚು ತಟ್ಟಿದ್ದು ಪದಕಕ್ಕಿಂತ ಮುಂದೆ ನಡೆದದ್ದು. ಯುದ್ಧ ಮುಗಿದ ಮೇಲೆ ಅವನ ರೈಲ್ವೆ ಜೊತೆಗಾರರು ನಿಟ್ಸ್‌ಹಿಲ್ ಸ್ಟೇಷನ್‌ನಲ್ಲಿ ಅವನಿಗೊಂದು ಸ್ಮಾರಕ ನಿಲ್ಲಿಸಿದರು. ದಿನಾ ಟಿಕೆಟ್ ಹಿಡಿದು ಓಡಾಡೋ ಜನದ ಕಣ್ಣಿಗೆ ಬೀಳೋ ಹಾಗೆ, ಅವನು ಕೆಲಸ ಮಾಡಿದ ಜಾಗದಲ್ಲೇ.

ವರ್ಷಗಳು ಕಳೆದವು. ಪುಂಡರ ಕೈಗೆ ಸಿಕ್ಕಿ ಕಲ್ಲು ಹಾಳಾಗತೊಡಗಿತು. ಕೊನೆಗೆ ಅದನ್ನ ಅಲ್ಲಿಂದ ಎತ್ತಿ, ದೂರದ ಉತ್ತರದ ಡಿಂಗ್‌ವಾಲ್ ಅನ್ನೋ ಊರಿಗೆ ಸಾಗಿಸಿದರು. ಅದು ಅವನ ಬೆಟಾಲಿಯನ್ನಿನ ತವರು. ಅಲ್ಲೂ ಕಲ್ಲು ನಿಂತದ್ದು ರೈಲ್ವೆ ಸ್ಟೇಷನ್ ಹತ್ತಿರವೇ. ಪದಕ ಅದೇ ಊರಿನ ಮ್ಯೂಸಿಯಂನಲ್ಲಿದೆ.

ಡಿಂಗ್‌ವಾಲ್ ಸ್ಟೇಷನ್‌ನಲ್ಲಿ ಇನ್ನೊಂದು ಫಲಕ ಇದೆ, ಅದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. 1915ರಿಂದ 1919ರವರೆಗೆ ಆ ಪ್ಲಾಟ್‌ಫಾರ್ಮಿನಲ್ಲಿ ರೆಡ್‌ಕ್ರಾಸ್‌ನವರು 1,34,864 ಸೈನಿಕರಿಗೆ, ನಾವಿಕರಿಗೆ ಟೀ ಕೊಟ್ಟರು ಅಂತ ಅದರಲ್ಲಿ ಬರೆದಿದೆ. ಟೀ ಕುಡಿದವರನ್ನೂ ಎಣಿಸಿ ಇಟ್ಟಿದ್ದಾರೆ ನೋಡಿ! ಹಾಗೇ 1919ರ ಮೇ 14ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಸತ್ತ ರೈಲ್ವೆ ನೌಕರರಿಗೆ ಅಂತಲೇ ಪ್ರಾರ್ಥನಾ ಸಭೆ ನಡೀತು. ಅವತ್ತಿಗೆ ಪಟ್ಟಿ ಮಾಡಿದ್ದ ಹೆಸರುಗಳು 18,957.

7/9

ಈಗ ನಮ್ಮ ಕಡೆ ಬರೋಣ.

ಅದೇ ಯುದ್ಧಕ್ಕೆ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿದರು. ಸೈನಿಕರು ಮಾತ್ರ ಅಲ್ಲ. ಕೂಲಿಗಳು, ಅಡುಗೆಯವರು, ಕುದುರೆ ನೋಡಿಕೊಳ್ಳೋರು, ಹಮಾಲರು, ಜೊತೆಗೆ ರೈಲ್ವೆಯವರು. ಸತ್ತವರು ಸುಮಾರು 74 ಸಾವಿರ.

ರೈಲ್ವೆಯವರು ಯಾಕೆ ಬೇಕಾಯ್ತು? ಮೆಸೊಪೊಟೇಮಿಯಾ, ಅಂದ್ರೆ ಇವತ್ತಿನ ಇರಾಕ್. ಅಲ್ಲಿ ಬ್ರಿಟಿಷ್-ಭಾರತೀಯ ಸೈನ್ಯ ನದಿಯ ದೋಣಿಗಳನ್ನೇ ನಂಬಿ ಒಳಗೆ ಹೋಗಿ, ಕೂಟ್ ಅನ್ನೋ ಊರಲ್ಲಿ ಮುತ್ತಿಗೆಗೆ ಸಿಕ್ಕಿಬಿತ್ತು. ಅನ್ನ, ಔಷಧ ತಲುಪಲಿಲ್ಲ. 1916ರ ಏಪ್ರಿಲ್ 29ಕ್ಕೆ ಸುಮಾರು 13 ಸಾವಿರ ಜನ ಶರಣಾದರು. ಅದಾದ ಮೇಲೆ ಬಾಸ್ರಾದಿಂದ ಹಳಿ ಹಾಕೋ ಕೆಲಸ ಜೋರಾಯ್ತು. ಹಳಿ, ಎಂಜಿನ್, ಡಬ್ಬಿ, ಕೆಲಸಗಾರರು, ಬಹುಪಾಲು ಭಾರತದಿಂದಲೇ ಹೋಯ್ತು. ಬಾಸ್ರಾ-ನಾಸಿರಿಯಾ ಮಾರ್ಗ ಮೀಟರ್ ಗೇಜ್.

ಮೀಟರ್ ಗೇಜ್ ಅಂದ ತಕ್ಷಣ ನಿಮ್ಮ ಅಜ್ಜನ ಕೇಳಿ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದು, ಆಮೇಲೆ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹೋದ ನಮ್ಮ ಲೈನ್ ಕೂಡ ಅದೇ ಅಳತೆಯದು. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಕ್ಯಾತ್ಸಂದ್ರದಲ್ಲಿ ಹಳಿಯ ಬೋಲ್ಟ್ ಬಿಗಿ ಮಾಡೋದು ಗೊತ್ತಿದ್ದವನಿಗೆ ಬಾಸ್ರಾದ ಮರಳುಗಾಡಿನ ಹಳಿ ಹೊಸದಾಗಿ ಕಲಿಸಬೇಕಿರಲಿಲ್ಲ.

ಹೋದವರ ಹೆಸರೇನು? ಇಲ್ಲೇ ಇರೋದು ನೋವು. ಬಾಸ್ರಾದಲ್ಲಿ 40 ಸಾವಿರಕ್ಕೂ ಹೆಚ್ಚು ಮೃತರ ನೆನಪಿಗೆ ದೊಡ್ಡ ಸ್ಮಾರಕ ಕಟ್ಟಿದರು. ಬ್ರಿಟಿಷರ ಹೆಸರುಗಳನ್ನ ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಸಾಮಾನ್ಯ ಭಾರತೀಯ ಸೈನಿಕರು? ರೆಜಿಮೆಂಟಿನ ಹೆಸರಿನ ಕೆಳಗೆ ‘ಮತ್ತು ಇಷ್ಟು ಜನ’ ಅಂತ ಒಂದು ಅಂಕಿ.

8/9

ಇದು ಯಾರೋ ಸಿಟ್ಟಿಗೆ ಹೇಳೋ ಮಾತಲ್ಲ. ಯುದ್ಧ ಸಮಾಧಿಗಳನ್ನ ನೋಡಿಕೊಳ್ಳೋ ಕಾಮನ್‌ವೆಲ್ತ್ ಆಯೋಗವೇ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟು ಒಪ್ಪಿಕೊಂಡಿತು. 45 ಸಾವಿರದಿಂದ 54 ಸಾವಿರ ಜನರನ್ನ ಬೇರೆಯವರಿಗೆ ಸಮನಾಗಿ ಸ್ಮರಿಸಿಲ್ಲ. ಕನಿಷ್ಠ 1,16,000 ಜನರನ್ನ, ಬಹುಶಃ 3,50,000ದವರೆಗೂ, ಹೆಸರಿಟ್ಟು ನೆನೆದಿಲ್ಲ, ಇಲ್ಲವೇ ನೆನೆದೇ ಇಲ್ಲ. ಇವರಲ್ಲಿ ಹೆಚ್ಚಿನವರು ಭಾರತ, ಆಫ್ರಿಕಾ, ಈಜಿಪ್ಟಿನವರು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸತ್ತವರ ನಡುವೆ ಭೇದ ಇರಬಾರದು ಅನ್ನೋದು ಇದೇ ಆಯೋಗ ಶುರುವಿನಲ್ಲಿ ಇಟ್ಕೊಂಡಿದ್ದ ತತ್ವ!

ಭಾರತದ ಎಷ್ಟೋ ಹಳ್ಳಿಗಳಲ್ಲಿ ಬ್ರಿಟಿಷರ ಕಾಲದ ಸಣ್ಣ ಕಲ್ಲುಗಳಿವೆ. ‘ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು’ ಅನ್ನೋ ಅರ್ಥದ ಎರಡು ಸಾಲು. ಅಂಕಿ ಇದೆ, ಹೆಸರಿಲ್ಲ.

ಎಲ್ಲಾ ಕಡೆ ಹಾಗೇ ಆಗಿಲ್ಲ. ಮೀಕಲ್ ಸತ್ತ ಎರಡು ತಿಂಗಳಿಗೆ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಸೇರಿ ಹೈಫಾ ಊರನ್ನ ಗೆದ್ದರು. ಹೈಫಾ ಬಂದರು ಊರು, ಹೆಜಾಜ್ ರೈಲ್ವೆಯ ಒಂದು ಕವಲು ಬಂದು ಮುಗಿಯೋ ಜಾಗ. ಜೋಧಪುರದವರು ಊರಿನ ಕಡೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳ ಮೇಲೆ ಏರಿದರು. ಈ ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ತುಮಕೂರಿನಿಂದ ಒಂದು ಟ್ರೈನ್, ಒಂದು ಸಿಟಿ ಬಸ್. ಹೋಗಿ ನೋಡಿ.

ಇನ್ನೊಂದು ಜಾಗ ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯ ಗಡ್ರಾ ರೋಡ್. 1965ರ ಯುದ್ಧದಲ್ಲಿ ಗಡಿಯ ಸೈನ್ಯಕ್ಕೆ ಸಾಮಾನು ಸಾಗಿಸೋಕೆ ಇದ್ದದ್ದು ಅದೇ ರೈಲು ಮಾರ್ಗ. ಶತ್ರು ವಿಮಾನಗಳು ದಾಳಿ ಮಾಡಿದರೂ ರೈಲ್ವೆಯವರು ಕೆಲಸ ಬಿಡಲಿಲ್ಲ. 17 ಜನ ಸತ್ತರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಮೈಮೇಲೆ ಸೈನ್ಯದ ಬಟ್ಟೆಯೂ ಇರಲಿಲ್ಲ. ಇವತ್ತಿಗೂ ಪ್ರತಿ ಸೆಪ್ಟೆಂಬರ್ 9ಕ್ಕೆ ಅಲ್ಲಿ ಸೇರಿ ಹೂವಿಡೋದು ಯಾರು ಗೊತ್ತಾ? ರೈಲ್ವೆ ನೌಕರರೇ.

9/9

ನಿಟ್ಸ್‌ಹಿಲ್ ಆಗಲಿ, ಗಡ್ರಾ ರೋಡ್ ಆಗಲಿ, ನನಗೆ ಕಂಡದ್ದು ಒಂದೇ. ಸರ್ಕಾರ ಪದಕ ಕೊಡಬಹುದು, ವರದಿ ಬರೀಬಹುದು, ನೂರು ವರ್ಷ ಬಿಟ್ಟು ಕ್ಷಮೆಯೂ ಕೇಳಬಹುದು. ಆದ್ರೆ ಹೆಸರು ಉಳಿಸಿದವರು ಪಕ್ಕದ ಮೇಜಿನಲ್ಲಿ ಕೂತಿದ್ದವರು. ಜೊತೆಗೆ ಟೀ ಕುಡಿದವರು, ಒಂದೇ ಡ್ಯೂಟಿ ಚಾರ್ಟಿನಲ್ಲಿ ಹೆಸರಿದ್ದವರು. ‘ಇವನು ನಮ್ಮವನು’ ಅಂತ ಅವರು ಹೇಳಿದ್ದಕ್ಕೆ ಸ್ಟೇಷನ್ ಪಕ್ಕ ಒಂದು ಕಲ್ಲು ನಿಂತಿತು.

ನಮ್ಮಲ್ಲಿ ಬಾಸ್ರಾಕ್ಕೆ ಹೋಗಿ ಬಂದವರನ್ನ, ಬಾರದೇ ಹೋದವರನ್ನ ಹಾಗೆ ಕೇಳೋಕೆ ಯಾರೂ ಇರಲಿಲ್ವಾ? ಇದ್ದರು. ಮನೆಯವರು ಕೇಳ್ತಾನೇ ಇದ್ದರು. ಆದ್ರೆ ಓದು ಬರಹ ಬಾರದ ಮನೆಯ ಮಾತನ್ನ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಆ ತಲೆಮಾರು ಹೋಯ್ತು, ಮಾತೂ ಹೋಯ್ತು.

ಈಗ ನಾವು ಬರೆಯೋಕೆ ಬಲ್ಲೆವು. ಎಲ್ಲರ ಜೇಬಲ್ಲೂ ರೆಕಾರ್ಡ್ ಮಾಡೋ ಫೋನ್ ಇದೆ. ಅದಕ್ಕೇ ನಿಮ್ಮ ಹತ್ರ ಒಂದು ಕೆಲಸ ಕೇಳ್ತೀನಿ.

ಈ ಭಾನುವಾರ ಊರಿಗೆ ಹೋದಾಗ, ಅದು ಗುಬ್ಬಿ ಕಡೆಯಾಗಲಿ ಕುಣಿಗಲ್ ಕಡೆಯಾಗಲಿ, ಅಜ್ಜ ಅಜ್ಜಿ ಹತ್ರ ಕೂತ್ಕೊಳ್ಳಿ. ‘ನಮ್ಮ ಮನೇಲಿ ಯಾರಾದ್ರೂ ಮಿಲಿಟರಿಗೆ ಹೋಗಿದ್ರಾ? ರೈಲ್ವೆ ಗ್ಯಾಂಗಲ್ಲಿ ದುಡಿದೋರು ಇದ್ರಾ?’ ಅಂತ ಕೇಳಿ. ಮೊದಲ ಯುದ್ಧದವರು ಸಿಗದೇ ಇರಬಹುದು. 1962, 65, 71ರ ಕಾಲದವರು ಸಿಕ್ಕೇ ಸಿಗ್ತಾರೆ. ಹೆಸರು, ಊರು, ಯಾವ ಕೆಲಸ, ಯಾವಾಗ ಹೋದರು, ವಾಪಸ್ ಬಂದರಾ, ಇಷ್ಟು ಬರ್ಕೊಳ್ಳಿ. ಹಳೇ ಟ್ರಂಕಿನಲ್ಲಿ ಪೆನ್ಷನ್ ಪುಸ್ತಕ, ಬಿಲ್ಲೆ, ಫೋಟೋ ಸಿಕ್ಕಿದ್ರೆ ಹಿಂಬದಿಯೂ ನೋಡಿ, ಅಲ್ಲೇ ಏನಾದ್ರೂ ಬರೆದಿರ್ತಾರೆ. ಮನೆಯವರು ಒಪ್ಪಿದರೆ ಮಾತ್ರ ಹಂಚ್ಕೊಳ್ಳಿ. ಒಪ್ಪದಿದ್ರೆ ನಿಮ್ಮ ಹತ್ರವೇ ಭದ್ರವಾಗಿ ಇರಲಿ.

ಮತ್ತೆ ಸೈನ್ಯಕ್ಕೆ ಅಂತ ಓಡ್ತಿರೋ ಗೆಳೆಯರೇ, ರೈಲ್ವೆಗೆ ಅಂತ ಓದ್ತಿರೋ ಗೆಳತಿಯರೇ, ನಿಮಗೆ ಕೆಲಸ ಸಿಗಲಿ. ತಲೆ ನರೆಯೋವರೆಗೆ ದುಡಿದು, ಪೆನ್ಷನ್ ತಗೊಂಡು, ಜಗುಲಿ ಮೇಲೆ ಕೂತು ಮೊಮ್ಮಕ್ಕಳಿಗೆ ಬೋರ್ ಹೊಡೆಸೋವಷ್ಟು ಕಥೆ ಹೇಳಿ. ಜಾನ್ ಮೀಕಲ್‌ಗೆ ಸಿಗದೇ ಹೋದದ್ದು ಅದೇ.

ನಿಮ್ಮ ಮನೆಯಲ್ಲಿ ಸಿಕ್ಕ ಹೆಸರನ್ನ ಕೆಳಗೆ ಬರೀರಿ, ಊರಿನ ಹೆಸರಿನ ಜೊತೆಗೆ. ಮುಂದಿನ ಸರಣಿ ಆ ಹೆಸರುಗಳಿಂದಲೇ ಶುರು ಮಾಡೋಣ.

#ತುಮಕೂರು #ಸದಾಶಿವನಗರ #ರೈಲುಕಥೆ #ಮಹಾಯುದ್ಧ #ಹೆಸರುಉಳಿಸಿ